ಕಂಟ್ರೋಲರ್ ಸಾಹೇಬರ ‘ಆರಾಮ್ರಿ’

ನಮ್ಮ ಕಡೆ ಒಬ್ಬರನ್ನೊಬ್ಬರು ಕಂಡ ಕೂಡಲೇ ‘ಆರಾಮ?’ ಎನ್ನುತ್ತೇವೆ. ಹಾಗೆಂದರೆ ನಮಸ್ಕಾರ, ಅಷ್ಟೇ. ಕೇಳಿದವನು ಉತ್ತರಕ್ಕೆ ಕಾಯುವುದಿಲ್ಲ, ಕಾಯಬೇಕಾಗಿಯೂ ಇಲ್ಲ. ‘ಆರಾಮ್ರಿ’ ಎಂದು ನಾವು ನಮ್ಮ ದಾರಿ ಹಿಡಿಯುತ್ತೇವೆ, ಅವನು ಅವನ ದಾರಿ ಹಿಡಿಯುತ್ತಾನೆ. ಆದರೆ ದವಾಖಾನೆಯಲ್ಲೂ ನಮಗಿರುವುದು ಇದೇ ಶಬ್ದ. ಜ್ವರ ಬಂದರೆ ‘ಆರಾಮ ಇಲ್ಲ’, ಬಿಟ್ಟರೆ ‘ಆರಾಮ ಆತು’. ಒಂದೇ ಶಬ್ದಕ್ಕೆ ಹೀಗೆ ಎರಡು ಕೆಲಸ ಹಚ್ಚಿದರೆ ಎಂದಾದರೊಮ್ಮೆ ಎಡವಟ್ಟಾಗುತ್ತದೆ ಎಂದು ಯಾರಿಗೂ ಹೊಳೆದಂತಿಲ್ಲ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಸಾಹೇಬರು ತೀರಿಕೊಳ್ಳುವವರೆಗೆ ನನಗೂ ಹೊಳೆದಿರಲಿಲ್ಲ.

ಅವರಿಗೊಂದು ಹೆಸರಿತ್ತು. ಅದನ್ನು ಬರೆದರೂ ಊರಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಎಲ್ಲರೂ ಕಂಟ್ರೋಲರ್ ಸಾಹೇಬ್ರು ಎಂದೇ ಕರೆಯುತ್ತಿದ್ದರು. ಸ್ಟ್ಯಾಂಡಿನ ನಡುವೆ ಇರುವ ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಕುಳಿತು ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಕೂಗಿ ಹೇಳುವುದು ಅವರ ಕೆಲಸ. ಮಾತಾಡುವ ಮೊದಲು ಬೆರಳಿನ ಉಂಗುರದಿಂದ ಮೈಕಿಗೆ ಎರಡು ಸಲ ಟಕ್ ಟಕ್ ಎಂದು ಬಡಿಯುತ್ತಿದ್ದರು. ಆಮೇಲೆ ಆ ದನಿ ಬರುತ್ತಿತ್ತು. ದಪ್ಪ ದನಿ, ಅವಸರವಿಲ್ಲದ್ದು. ಅವರ ಊರು ಪುರ್ತಗೇರಿ. ಅಲ್ಲಿಗೆ ಹೋಗುವ ಬಸ್ಸಿಗೆ ಮಾತ್ರ ಆ ದನಿಗೆ ಸ್ವಲ್ಪ ಬೆಲ್ಲ ಬೀಳುತ್ತಿತ್ತು. ‘ಪುರ್ತಗೇರಿಗೆ ಹೋಗಾವ್ರು ಸಾವಕಾಶ ಹತ್ರಿ, ಜಾಗಾ ಐತಿ’ ಎನ್ನುವರು. ಜಾಗ ಇರುತ್ತಿರಲಿಲ್ಲ.

ತೀರಿಕೊಂಡವರ ಬಗ್ಗೆ ಬರೆಯುವವರು ಅವರ ಗುಣಗಳಿಂದ ಶುರು ಮಾಡುತ್ತಾರೆ. ನಾನು ನನ್ನ ಗುಣದಿಂದಲೇ ಶುರು ಮಾಡುತ್ತೇನೆ. ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಅದಕ್ಕೆ ನನಗೆ ನಾಚಿಕೆಯೇನೂ ಇಲ್ಲ. ನನ್ನ ಹೊಟ್ಟೆ ನಿಮಗಿದ್ದು, ಅವರು ನಿಮ್ಮ ಕಣ್ಣೆದುರು ಮಿರ್ಚಿ ಭಜಿ ತಿಂದಿದ್ದರೆ ನಿಮಗೂ ಆಗುತ್ತಿತ್ತು.

ಹೊಟ್ಟೆಕಿಚ್ಚು, ಹೊಟ್ಟೆಯುರಿ ಎಂದು ನಮ್ಮ ಹಿರಿಯರು ಯಾಕೆ ಹೆಸರಿಟ್ಟರೋ ಗೊತ್ತಿಲ್ಲ, ನನ್ನ ಮಟ್ಟಿಗೆ ಅದು ಪೂರಾ ಖರೆ. ನನಗೂ ಅವರಿಗೂ ಇದ್ದದ್ದು ಒಂದೇ ಬೇನೆ, ಕ್ರೋನ್ಸ್ ಕಾಯಿಲೆ. ಕರುಳು ತಾನಾಗಿಯೇ ಕೆಂಪಗೆ ಉರಿದು ಹುಣ್ಣಾಗುತ್ತದೆ, ಮಾಯುವಾಗ ಗಟ್ಟಿಯಾಗಿ ಸಂದು ಕಿರಿದಾಗುತ್ತದೆ. ತಿಂದದ್ದು ಅಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ತಡೆಯದೆ ಓಡುತ್ತದೆ. ಮನೆಯಲ್ಲಿ ನಾನು ‘ಹೊಟ್ಟಿ ಉರಿಯಾಕತ್ತೈತಿ’ ಎಂದರೆ ನನ್ನ ಹೆಂಡತಿ ‘ಯಾವ ಉರಿ? ಬ್ಯಾನಿದೋ, ಕಂಟ್ರೋಲರ್‌ದೋ?’ ಎಂದು ಕೇಳುವಳು. ಹೆಚ್ಚಿನ ಸಲ ಎರಡನೆಯದೇ ಇರುತ್ತಿತ್ತು.

ನಾನು ರೋಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಮನೆ ಗಜೇಂದ್ರಗಡದಲ್ಲಿ. ದಿನಾ ಬಸ್ಸು. ಬೇನೆಯ ಮೊದಲ ದಿನಗಳಲ್ಲಿ ನನ್ನದೇನು ಕಾಯಿಲೆ ಎಂದು ಯಾರಿಗೂ ತಿಳಿದಿರಲಿಲ್ಲ. ಕರುಳಿನ ಟಿಬಿ ಎಂದು ಗುಳಿಗೆ ಕೊಟ್ಟಿದ್ದರು. ಆ ಗುಳಿಗೆಗಳನ್ನು ನುಂಗಿಕೊಂಡು, ಮುಂಜಾನೆ ಸ್ಟ್ಯಾಂಡಿಗೆ ಬಂದು, ಬಸ್ಸು ಬಂದು ನಿಂತಾಗಲೇ ಹೊಟ್ಟೆ ಹಿಂಡಿ, ಸ್ಟ್ಯಾಂಡಿನ ಆ ತುದಿಯ ಪಾಯಖಾನೆಗೆ ಓಡುತ್ತಿದ್ದೆ. ಹೊರಗೆ ಬರುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು, ಶಾಲೆಯಲ್ಲಿ ಹೆಡ್‌ಮಾಸ್ತರರ ಮುಖ ಗಂಟಾಗಿರುತ್ತಿತ್ತು.

ಒಂದು ದಿನ ಒಳಗೆ ಕುಳಿತಿದ್ದಾಗ ಮೈಕಿನಲ್ಲಿ ಟಕ್ ಟಕ್ ಕೇಳಿತು. ‘ರೋಣದ ಬಸ್ ಇನ್ನ ಸ್ವಲ್ಪ ನಿಂದ್ರತೈತಿ. ಡ್ರೈವರ್ ಸಾಹೇಬ್ರ, ಗಡಿಬಿಡಿ ಮಾಡಬ್ಯಾಡ್ರಿ, ಒಬ್ರು ಬರಾವ್ರದಾರ.’ ಹೊರಗೆ ಬಂದೆ, ಬಸ್ಸು ನಿಂತಿತ್ತು. ಕಾಕತಾಳೀಯ ಅಂದುಕೊಂಡೆ. ಮುಂದಿನ ವಾರ ಮತ್ತೆ ಹಾಗೆಯೇ ಆಯಿತು, ಅದರ ಮುಂದಿನ ವಾರವೂ ಆಯಿತು. ಕೊನೆಗೆ ಒಂದು ಸಂಜೆ ಅವರ ಕೋಣೆಗೇ ಹೋಗಿ ನಿಂತೆ.

‘ಸಾಹೇಬ್ರ, ನೀವು ನನ್ನ ಸಲುವಾಗಿ ಬಸ್ ತಡೀತೀರೇನು?’

‘ಹೌದ್ರಿ ಸರ.’

‘ನಿಮಗ ಹ್ಯಾಂಗ ಗೊತ್ತಾತ್ರಿ?’

‘ಓಡೂ ರೀತಿ ನೋಡಿದ್ರ ಗೊತ್ತಾಕ್ಕೈತ್ರಿ. ಬಸ್ ಹಿಡ್ಯಾಕ ಓಡಾವ್ರು ಬಸ್ಸಿನ ಮಾರಿ ನೋಡ್ಕೋತ ಓಡ್ತಾರ. ನೀವು ಬಸ್ಸಿಗೆ ಬೆನ್ನ ಮಾಡಿ ಓಡ್ತಿದ್ರಿ. ನಾನೂ ಹಂಗ ಓಡಿದಾಂವ ಅದೀನಿ.’

ಹಾಗೆಂದವರೇ ಎದ್ದು ಬಾಗಿಲು ಮುಂದೆ ಮಾಡಿ, ಖಾಕಿ ಅಂಗಿ ಮೇಲೆತ್ತಿದರು. ಹೊಕ್ಕಳಿನ ಮೇಲಿಂದ ಕೆಳಗಿನವರೆಗೆ, ಹೊಕ್ಕಳಿಗೆ ಮಾತ್ರ ಸ್ವಲ್ಪ ದಾರಿ ಬಿಟ್ಟು, ಹೊಲಿಗೆಯ ಗೆರೆ. ‘ಇಷ್ಟ ಕರುಳ ತಗದಾರ’ ಎಂದು ಗೇಣು ತೋರಿಸಿದರು. ‘ಉಳದ ಎರಡೂ ತುದಿ ಹಿಡದು ಕೂಡಸ್ಯಾರ. ಈಗ ಆರಾಮ.’ ಆಪರೇಷನ್ ಆಗಿ ಆಗ ಅವರಿಗೆ ವರ್ಷ ಕಳೆದಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರರ ಹೆಸರು ಹೇಳಿ, ಟಿಬಿ ಗುಳಿಗೆ ನುಂಗುತ್ತ ಕೂರಬೇಡಿ ಎಂದು ನನ್ನನ್ನು ಅಲ್ಲಿಗೆ ಹೊರಡಿಸಿದವರು ಅವರೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಬಸ್ಸಿನ ದಾರಿಯಲ್ಲಿ ಎಲ್ಲೆಲ್ಲಿ ಇಳಿದರೆ ಒಳ್ಳೆಯ ಪಾಯಖಾನೆ ಸಿಗುತ್ತದೆ ಎನ್ನುವುದು ಅವರಿಗೆ ಬಾಯಿಪಾಠ. ‘ನರಗುಂದದಾಗ ಸ್ಟ್ಯಾಂಡಿಂದು ಬ್ಯಾಡ. ಎದುರಿನ ಖಾನಾವಳಿಗೆ ಹೋಗಿ ಮಾಲಕರಿಗೆ ನನ್ನ ಹೆಸರ ಹೇಳ್ರಿ’ ಎಂದಿದ್ದರು. ಹುಬ್ಬಳ್ಳಿಗೆ ಹೋಗುವಾಗ ಒಮ್ಮೆ ನರಗುಂದದಲ್ಲಿ ಇಳಿದು ಹಾಗೆಯೇ ಮಾಡಿದೆ. ಗಲ್ಲೆಯ ಮೇಲೆ ಕುಳಿತ ಮಾಲಕ ‘ಓಹೋ, ಕಂಟ್ರೋಲರ್ ಸಾಹೇಬ್ರ ಕಡ್ಯಾವ್ರು? ಅವ್ರು ಆರಾಮ ಅದಾರಿಲ್ರಿ?’ ಎಂದು ತಾನೇ ಎದ್ದು ಹಿಂದಿನ ಬಾಗಿಲು ತೆಗೆದು ಕೊಟ್ಟ. ನನ್ನ ಹೆಸರನ್ನು ಅವನು ಕೇಳಲಿಲ್ಲ.

ನನಗೂ ಆಪರೇಷನ್ ಆಯಿತು. ಅದೇ ಡಾಕ್ಟರು, ಅದೇ ಜಾಗ, ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡುವಲ್ಲಿ ಕೆಟ್ಟ ಭಾಗವನ್ನು ತೆಗೆದು ಹೊಲಿದರು. ಮಲಗಿದ್ದಾಗ ನೋಡಲು ಬಂದವರೆಲ್ಲ ಮುಖ ಸಣ್ಣದು ಮಾಡಿಕೊಂಡು ಕುಳಿತು ಹೋದರು. ಕಂಟ್ರೋಲರ್ ಸಾಹೇಬರು ಬಂದವರೇ ಕೇಳಿದ್ದು, ‘ಗಾಳಿ ಹೋತೇನ್ರಿ ಸರ?’

ಹೊಟ್ಟೆ ಕೊಯ್ಸಿಕೊಂಡವರಿಗೆ ಗೊತ್ತು, ಗಾಳಿ ಹೋಗುವ ತನಕ ಹನಿ ನೀರೂ ಕೊಡುವುದಿಲ್ಲ. ನನ್ನ ಅತ್ತೆ ಅಲ್ಲೇ ಕುಳಿತಿದ್ದರು. ನಾನು ನಾಚಿ ಇಲ್ಲ ಎಂದೆ.

‘ಹೋದಾಗ ನಾಚಬ್ಯಾಡ್ರಿ. ಅದು ಮೊದಲನೇ ಬಸ್ಸು. ಅದೊಂದು ಹೊಂಟಿತಂದ್ರ ಉಳದಾವೆಲ್ಲಾ ಸರಾಗ ಹೊಂಡತಾವ.’

ನಕ್ಕರೆ ಹೊಲಿಗೆ ಜಗ್ಗುತ್ತಿತ್ತು, ಆದರೂ ನಕ್ಕೆ. ಅಲ್ಲಿಯವರೆಗೆ ನನಗೆ ಅವರ ಮೇಲೆ ಪ್ರೀತಿಯೇ ಇತ್ತು.

ಬಿಡುಗಡೆಯ ದಿನ ಡಾಕ್ಟರು ಒಂದು ಮಾತು ಹೇಳಿದ್ದರು. ಅವರು ಮೈಸೂರು ಕಡೆಯವರು, ಮೆತ್ತಗೆ ಮಾತಾಡುತ್ತಾರೆ. ‘ನಾವು ತೆಗೆದಿದ್ದು ಕಾಯಿಲೆ ಕೆಡಿಸಿದ ಜಾಗವನ್ನ, ಕಾಯಿಲೆಯನ್ನಲ್ಲ. ಅದು ಮತ್ತೆ ಬರಬಹುದು. ಬಂದರೆ ಸಾಮಾನ್ಯವಾಗಿ ಈ ಕೂಡಿಸಿದ ಜಾಗದಲ್ಲೇ ಶುರುವಾಗುತ್ತೆ, ನಿಮಗೆ ನೋವು ಗೊತ್ತಾಗೋದಕ್ಕೆ ಮುಂಚೆಯೇ. ಅದಕ್ಕೇ ಚೆನ್ನಾಗಿದ್ದರೂ ಕ್ಯಾಮೆರಾ ಹಾಕಿ ನೋಡಬೇಕು.’ ನಾನು ಮಾಸ್ತರ, ಹೇಳಿದ್ದನ್ನು ಕೇಳುವವನು. ಆರೆಂಟು ತಿಂಗಳಿಗೆ ಹೋಗಿ ಕ್ಯಾಮೆರಾ ಹಾಕಿಸಿಕೊಂಡೆ. ನೋವಿರಲಿಲ್ಲ, ತೂಕ ಏರಿತ್ತು, ರೊಟ್ಟಿ ತಿನ್ನಲು ಶುರು ಮಾಡಿದ್ದೆ. ಪರದೆಯ ಮೇಲೆ ಹೊಲಿಗೆಯ ಅಂಚಿನಲ್ಲಿ ಸಣ್ಣ ಸಣ್ಣ ಬಿಳಿ ಹುಣ್ಣು ತೋರಿಸಿ ಡಾಕ್ಟರು ‘ಮತ್ತೆ ಶುರುವಾಗಿದೆ’ ಎಂದರು. ಚೆನ್ನಾಗಿದ್ದ ಮನುಷ್ಯ ಒಳಗೆ ಹೋಗಿ ರೋಗಿಯಾಗಿ ಹೊರಗೆ ಬಂದೆ.

ಗುಳಿಗೆ, ತಿಂಗಳು ತಿಂಗಳು ರಕ್ತ ಪರೀಕ್ಷೆ, ಆಮೇಲೆ ತೊಡೆಗೆ ಚುಚ್ಚಿಕೊಳ್ಳುವ ಸೂಜಿ. ಸೂಜಿಯ ಔಷಧವನ್ನು ಹುಬ್ಬಳ್ಳಿಯಿಂದ ಐಸ್ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತರಬೇಕು. ಪಕ್ಕದಲ್ಲಿ ಕುಳಿತವರು ಕುಲ್ಫಿಯೇನ್ರಿ ಎಂದು ಕೇಳುತ್ತಾರೆ.

ಮತ್ತೆ ಬಂತು ಎಂದು ತಿಳಿದ ಸಂಜೆ ನೇರ ಕಂಟ್ರೋಲರ್ ಕೋಣೆಗೆ ಹೋದೆ. ಜೊತೆಗೆ ಅಳುವವರು ಒಬ್ಬರು ಬೇಕಾಗಿತ್ತು. ಹೇಳಿದ್ದನ್ನೆಲ್ಲ ಕೇಳಿ ಚಹಾ ತರಿಸಿದರು. ನಾನು ಕೇಳಿದೆ, ‘ನಿಮ್ಮದು ಹ್ಯಾಂಗೈತ್ರಿ?’

‘ನಂದೇನ್ರಿ, ಆರಾಮ.’

‘ಕ್ಯಾಮೆರಾ ಹಾಕಿಸಿದ್ರಿ?’

‘ಆರಾಮ ಅದೀನಲ್ರಿ. ಮಲಗಿದಾವನ್ನ ಎಬ್ಬಿಸಿ ಯಾಕ ಮಾತಾಡಸೂದು?’ ಎಂದು ನಕ್ಕು, ಚಹಾದ ಜೊತೆ ಒಂದು ಸಿಗರೇಟು ಹಚ್ಚಿದರು.

ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಆ ಚಹಾದ ಮುಂದೆ. ನಾನು ಸಿಗರೇಟು ಮುಟ್ಟಿದವನಲ್ಲ. ಇದೇ ಬೇನೆಯವರು ಸೇದಲೇಬಾರದು, ಸೇದಿದರೆ ಮರಳಿ ಬರುವ ಭಯ ಹೆಚ್ಚು ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು. ಕೈ ಒಂದೇ, ಕತ್ತರಿ ಒಂದೇ, ಹೊಲಿಗೆ ಒಂದೇ. ಹೇಳಿದ್ದೆಲ್ಲ ಕೇಳಿದ ನನಗೆ ಬಂತು, ಏನೂ ಕೇಳದ ಇವರಿಗೆ ಬರಲಿಲ್ಲ. ದೇವರು ಇದ್ದರೆ ಅವನ ಲೆಕ್ಕ ಕಚ್ಚಾ ಎಂದು ಅಂದುಕೊಂಡೆ.

ಅಂದಿನಿಂದ ನಾನು ಅವರನ್ನು ನೋಡುವುದೇ ಬೇರೆ ಥರ ಆಯಿತು. ಸಂಜೆ ಸ್ಟ್ಯಾಂಡಿನ ಮೂಲೆಯ ಗಾಡಿಯಿಂದ ಅವರಿಗೆ ಮಿರ್ಚಿ ಬರುತ್ತಿತ್ತು. ಕಾಗದದಲ್ಲಿ ಎಣ್ಣೆ ಒತ್ತಿ, ಬಾಲದ ತುದಿ ಹಿಡಿದು, ಕಿಟಕಿಯ ಹತ್ತಿರ ನಿಂತವರಿಗೂ ಒಂದೊಂದು ಕೊಟ್ಟು ತಿನ್ನುವರು. ನನ್ನ ಚೀಲದಲ್ಲಿ ಮೆತ್ತಗಿನ ಮೊಸರನ್ನದ ಡಬ್ಬಿ. ಕಡಕ್ ರೊಟ್ಟಿ, ಹಸಿ ಉಳ್ಳಾಗಡ್ಡಿ, ಸೇಂಗಾ, ಮೆಂತ್ಯದ ಸೊಪ್ಪು, ನಾನು ಕಳೆದುಕೊಂಡದ್ದೆಲ್ಲ ಆ ಮನುಷ್ಯನ ಹತ್ತಿರ ಭದ್ರವಾಗಿದೆ ಎಂದು ನನಗನಿಸುತ್ತಿತ್ತು.

ಅದಕ್ಕಿಂತ ಹೆಚ್ಚು ಉರಿಸಿದ್ದು ಅವರ ‘ಆರಾಮ್ರಿ’. ಆ ಕಿಟಕಿಯ ಮುಂದೆ ಹಾಯುವವರೆಲ್ಲ ಕೈಯೆತ್ತಿ ‘ಆರಾಮ ಸಾಹೇಬ್ರ?’ ಎನ್ನುವರು. ಡ್ರೈವರುಗಳು, ಕಾಯಿಪಲ್ಲೆಯ ಬುಟ್ಟಿ ಹೊತ್ತವರು, ಸೀರೆಯ ಗಂಟು ಹೊತ್ತು ಹೊರಟ ನೇಕಾರರು, ಕಾಲೇಜು ಹುಡುಗಿಯರು. ಅವರು ಪ್ರತಿಯೊಬ್ಬರಿಗೂ ತಲೆಯೆತ್ತಿ, ‘ರಾ’ ಅಕ್ಷರವನ್ನು ಸ್ವಲ್ಪ ಎಳೆದು, ‘ಆರಾಮ್ರಿ’ ಎನ್ನುವರು. ಕೇಳಿದವರಿಗೂ ಅರ್ಧ ಆರಾಮವಾಗಬೇಕು, ಹಾಗೆ. ನಾನಾದರೋ ಬೇನೆ ಮರಳಿದಾಗಿನಿಂದ ಯಾರಾದರೂ ‘ಆರಾಮ ಸರ?’ ಎಂದರೆ ಸಾಕು, ಎಲ್ಲಿ ಆರಾಮ್ರಿ ಎಂದು ಶುರು ಮಾಡಿ ಹುಣ್ಣು, ಸೂಜಿ, ರಕ್ತದ ವರದಿ ಎಲ್ಲ ಹೇಳಿಯೇ ಬಿಡುತ್ತಿದ್ದೆ. ಬರಬರುತ್ತ ಜನ ನನ್ನನ್ನು ಕಂಡರೆ ಮೊಬೈಲು ಕಿವಿಗಿಟ್ಟುಕೊಳ್ಳತೊಡಗಿದರು. ಒಂದು ಸಂಜೆ ಇದನ್ನು ಕಿಟಕಿಯಿಂದ ನೋಡಿದ ಕಂಟ್ರೋಲರ್ ಸಾಹೇಬರು ನನ್ನನ್ನು ಒಳಗೆ ಕರೆದರು.

‘ಸರ, ಸಿಟ್ಟಾಗಬ್ಯಾಡ್ರಿ. ಆರಾಮ ಅಂತ ಕೇಳಾವ್ರು ಎಲ್ಲೋ ಹೊಂಟಿರ್ತಾರ್ರಿ. ಅವರನ್ನ ತಡೀಬಾರದು. ಆರಾಮ ಅಂದುಬಿಡ್ರಿ, ಅವ್ರ ಬಸ್ ಅವ್ರಿಗೆ ಸಿಗಲಿ.’

‘ಆರಾಮ ಇಲ್ಲದಾಗ ಆರಾಮ ಅಂದ್ರ ಸುಳ್ಳ ಆಗೂದಿಲ್ಲೇನ್ರಿ?’

‘ನಮಸ್ಕಾರಕ್ಕ ಖರೇ ಸುಳ್ಳ ಎಲ್ಲೈತ್ರಿ?’

ಚಲೋ ಇರುವವರು ಹೀಗೆ ಪುಕ್ಕಟೆ ಬುದ್ಧಿ ಹೇಳಬಹುದು ಎಂದು ಮನಸ್ಸಿನಲ್ಲೇ ಬೈದುಕೊಂಡು ಎದ್ದು ಬಂದೆ.

ನರಗುಂದದಲ್ಲಿ ಒಂದು ಮದುವೆ. ಅವರ ಹೆಂಡತಿಯ ತವರು ಅದೇ ಊರು, ನಮಗೂ ದೂರದ ಸಂಬಂಧ. ಪಂಕ್ತಿಯಲ್ಲಿ ಅವರು ನನ್ನೆದುರೇ ಕುಳಿತರು. ನಾನು ಬಡಿಸುವವರಿಗೆಲ್ಲ ಕೈ ಅಡ್ಡ ಹಿಡಿದು ಬರೀ ಅನ್ನ, ಸ್ವಲ್ಪ ತಿಳಿಸಾರು ಹಾಕಿಸಿಕೊಂಡೆ. ಬಡಿಸುವವನು ‘ಯಾಕ್ರಿ, ನಮ್ಮ ಮನಿ ಊಟ ಸೇರಲಿಲ್ಲೇನು?’ ಎಂದು ಮುಖ ಬಾಡಿಸಿದ. ಆ ಕಡೆ ಕಂಟ್ರೋಲರ್ ಸಾಹೇಬರು ‘ಎಣ್ಣಿಗಾಯಿ ಈ ಕಡೆ ಬರ್ಲಿ, ರೊಟ್ಟಿ ಇನ್ನೊಂದ ಬರ್ಲಿ’ ಎಂದು ದೊಡ್ಡ ದನಿಯಲ್ಲಿ ಕರೆದು ಬಡಿಸುವವರ ಮುಖವನ್ನೆಲ್ಲ ಅರಳಿಸುತ್ತಿದ್ದರು. ಬರುವಾಗ ಬಸ್ಸಿನಲ್ಲಿ ನನ್ನ ಹೆಂಡತಿ ಅಂದಳು, ‘ನೋಡ್ರಿ ಅವರನ್ನ. ಅವ್ರಿಗೂ ಅದ ಬ್ಯಾನಿ. ನೀವ ಮನಸಿಗೆ ಭಾಳ ಹಚ್ಚಕೊಂಡೀರಿ.’

ಕಟ್ಟಿಕೊಂಡವಳ ಬಾಯಿಂದ ಈ ಮಾತು ಬಂದ ಮೇಲೆ ಇನ್ನೇನು ಉಳಿಯಿತು? ರೋಣದವರೆಗೂ ಅವಳ ಜೊತೆ ಮಾತಾಡಲಿಲ್ಲ. ಊಟದ ನಂತರ ಕಲ್ಯಾಣಮಂಟಪದ ಹಿಂದೆ ಕೈ ತೊಳೆಯಲು ಹೋದಾಗ ಕಂಟ್ರೋಲರ್ ಸಾಹೇಬರು ಗೋಡೆಗೆ ಹಣೆಯೂರಿ ನಿಂತಿದ್ದನ್ನು ಕಂಡಿದ್ದೆ. ಹೆಚ್ಚು ತಿಂದು ಭಾರವಾಗಿದೆ, ಆಗಲಿ ಎಂದು ಖುಷಿಪಟ್ಟಿದ್ದೆ.

ಒಂದು ಸಲ ಹುಬ್ಬಳ್ಳಿಗೆ ತಪಾಸಣೆಗೆ ಇಬ್ಬರೂ ಕೂಡಿಯೇ ಹೋದೆವು. ಡಾಕ್ಟರು ಇಬ್ಬರನ್ನೂ ಒಟ್ಟಿಗೇ ಒಳಗೆ ಕರೆದರು. ನಾನು ನನ್ನ ತಾಪತ್ರಯಗಳನ್ನು ಒಂದೊಂದಾಗಿ ಒಪ್ಪಿಸಿದೆ. ಡಾಕ್ಟರು ಹುಬ್ಬು ಗಂಟಿಕ್ಕಿ ಬರೆದುಕೊಂಡರು. ಆಮೇಲೆ ಅವರ ಕಡೆ ತಿರುಗಿ, ನಮ್ಮ ಕಡೆಯ ರೂಢಿ ಕಲಿತವರಂತೆ ಕೈ ಮುಗಿದು, ‘ಏನ್ ಸಾಹೇಬ್ರೆ, ಆರಾಮಾನಾ?’ ಎಂದು ಕೇಳಿದರು.

‘ಆರಾಮ್ರಿ ಸಾಹೇಬ್ರ. ನೀವು ಆರಾಮ? ಮಕ್ಕಳು, ಮನಿಯಾವ್ರು?’

ಡಾಕ್ಟರು ಜೋರಾಗಿ ನಕ್ಕರು. ‘ನನ್ನನ್ನ ವಾಪಸ್ಸು ಆರಾಮಾ ಅಂತ ಕೇಳೋ ಪೇಷೆಂಟು ನೀವೊಬ್ಬರೇ’ ಎಂದರು. ನನಗೆ ಅವರು ಒಮ್ಮೆಯೂ ನಕ್ಕು ತೋರಿಸಿದವರಲ್ಲ. ಸಾಹೇಬರ ಹೊಟ್ಟೆ ಮುಟ್ಟಿ ನೋಡಿ, ‘ನೋವಿಲ್ಲ ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ. ನೀವು ಒಂದು ಸಲವೂ ಕ್ಯಾಮೆರಾ ಮಾಡಿಸಿಲ್ಲ. ಇವತ್ತೇ ದಿನ ಗೊತ್ತು ಮಾಡ್ಲಾ?’ ಎಂದು ಒತ್ತಿ ಕೇಳಿದರು. ‘ಮುಂದಿನ ಸರ್ತಿ ಖಂಡಿತ್ರಿ’ ಎಂದು ಇವರು ಕೈ ಮುಗಿದರು. ಆ ಮುಂದಿನ ಸರ್ತಿಗೆ ನಾನೊಬ್ಬನೇ ಹೋದೆ. ಅವರಿಗೆ ರಜೆ ಸಿಗಲಿಲ್ಲವಂತೆ. ಅದರ ಮುಂದಿನ ಸಲವೂ ಸಿಗಲಿಲ್ಲ. ಡಾಕ್ಟರು ‘ನಿಮ್ಮ ಸ್ನೇಹಿತರಿಗೆ ಬರಲೇಬೇಕು ಅಂತ ಹೇಳಿ’ ಎಂದರು, ನಾನು ಬಂದು ಹೇಳಿದೆ. ‘ಡಾಕ್ಟರ್ ಆರಾಮ ಅದಾರಿಲ್ರಿ?’ ಎಂದು ಕೇಳಿದರು.

ಹೀಗೆ ವರ್ಷಗಳು ಹೋದವು. ನನ್ನ ಬೇನೆ ಸೂಜಿಯ ಮಾತು ಕೇಳತೊಡಗಿತು, ಆದರೆ ನಾನು ನಂಬಲಿಲ್ಲ. ಅವರು ತೆಳ್ಳಗಾಗುತ್ತಿದ್ದರು. ಅಂಗಿಯ ಕೊರಳು ಸಡಿಲಾಗಿ ಕಾಣುತ್ತಿತ್ತು. ಸಕ್ಕರೆ ಬಿಟ್ಟಿದ್ದೇನೆ, ನಡೆಯುತ್ತೇನೆ ಎಂದರು. ಈ ವಯಸ್ಸಿನಲ್ಲಿ ಮೈ ಕೂಡ ಇಳಿಸಿಕೊಂಡರಲ್ಲ ಎಂದು ಅದಕ್ಕೂ ಉರಿದುಕೊಂಡೆ.

ಈ ವರ್ಷ ಉಗಾದಿ ಹತ್ತಿರ ಬಂದಾಗ ಒಂದು ಮುಂಜಾನೆ ಸ್ಟ್ಯಾಂಡಿಗೆ ಹೋದರೆ ಬಸ್ಸುಗಳೆಲ್ಲ ನಿಂತಿವೆ, ಮೈಕು ಸುಮ್ಮನಿದೆ. ಕೋಣೆಯ ಮುಂದೆ ಜನ. ಟಕ್ ಟಕ್ ಎಂದು ಬಡಿದವರು ಮಾತಾಡದೆ ಮೇಜಿನ ಮೇಲೆ ಹಾಗೆಯೇ ಒರಗಿದರಂತೆ. ಗಾಡಿ ಮಾಡಿ ಹುಬ್ಬಳ್ಳಿಗೆ ಒಯ್ದಿದ್ದರು.

ನಾನು ಹೋದದ್ದು ಎರಡು ದಿನ ಬಿಟ್ಟು. ಅಷ್ಟರಲ್ಲಿ ಎರಡನೆಯ ಆಪರೇಷನ್ ಆಗಿತ್ತು. ಹೊರಗೆ ಬಾಕಿನ ಮೇಲೆ ಅವರ ಹೆಂಡತಿ ಕುಳಿತಿದ್ದರು. ಬೇನೆ ಮರಳಿ ಬಂದು ಯಾವ ಕಾಲವಾಗಿತ್ತೋ. ಹಳೆಯ ಹೊಲಿಗೆಯ ಜಾಗ ಪೂರಾ ಬಿಗಿದು, ಅದರ ಹಿಂದಿನ ಕರುಳು ಉಬ್ಬಿ ಒಡೆದು, ಹೊಟ್ಟೆಯೊಳಗೆಲ್ಲ ನಂಜಾಗಿತ್ತು.

‘ಅಕ್ಕಾರ, ಅವ್ರು ಆರಾಮ ಇದ್ರಲ್ರಿ?’ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ‘ಯಾವ ಆರಾಮ್ರಿ ಸರ? ಎಷ್ಟೋ ದಿನಾತು, ಮನ್ಯಾಗ ಗಂಜಿ ಬಿಟ್ರ ಏನೂ ಮುಟ್ಟತಿರಲಿಲ್ಲ. ಸ್ಟ್ಯಾಂಡಿನ್ಯಾಗ ನಾಕ ಮಂದಿ ಮುಂದ ಒಂದ ಮಿರ್ಚಿ ತಿಂದ ಬರೂದು, ಬಂದು ಹೊಟ್ಟಿ ಹಿಡ್ಕೊಂಡು ಹೊಳ್ಳ್ಯಾಡೂದು.’

‘ಡಾಕ್ಟರಿಗರೆ ಹೇಳಬೇಕಿಲ್ರಿ?’

‘ನಾನೂ ಅದನ್ನ ಅಂದೆ. ಅಷ್ಟ ದೊಡ್ಡ ಮನಷ್ಯಾ ಕೈ ಮುಗದು ಆರಾಮಾ ಅಂತ ಕೇಳಿದಾಗ, ಇಲ್ಲ ಅಂತ ಮಾರಿಗೆ ಹೊಡದಂಗ ಹ್ಯಾಂಗ ಹೇಳೂದು ಅಂದ್ರು. ಹಿಂಗ ಎರಡ ಸರ್ತಿ ಹೇಳಿ ಬಂದ್ರು. ಆಮ್ಯಾಲೆ, ಹೇಳಿದ ಮಾತು ಸುಳ್ಳಾಗಿ ಮಾರಿ ತೋರಸಾಕ ನಾಚಿಕಿ ಅಂತ ಹೋಗೂದನ್ನ ಬಿಟ್ರು.’

ಸಿಟ್ಟು ಬಂತು ನನಗೆ. ಯಾರ ಮೇಲೆ ಎಂದು ತಿಳಿಯಲಿಲ್ಲ. ಡಾಕ್ಟರು ಕೇಳಿದ್ದು ರೋಗದ ಮಾತು, ಇವರು ಕೊಟ್ಟದ್ದು ನಮಸ್ಕಾರ. ಬಸ್ಸಿನಲ್ಲಿ ಇಲ್ಲದ ಜಾಗವನ್ನು ಐತಿ ಎನ್ನುವ ಪುರ್ತಗೇರಿಯವನಲ್ಲದೆ ಇನ್ಯಾರು ಹೀಗೆ ಮಾಡುತ್ತಾರೆ? ಇಷ್ಟು ವರ್ಷ ಇವರ ಹತ್ತಿರ ಇಲ್ಲವೇ ಇಲ್ಲದ ಆಸ್ತಿಯ ಮೇಲೆ ನಾನು ಕಣ್ಣು ಹಾಕಿ ಕುಳಿತಿದ್ದೆ. ನನ್ನ ಹುಣ್ಣು ಕ್ಯಾಮೆರಾಕ್ಕೆ ಸಿಕ್ಕಿತ್ತು, ಅವರದು ಸಿಕ್ಕಿರಲಿಲ್ಲ, ಅಷ್ಟೇ ವ್ಯತ್ಯಾಸ. ದುರ್ದೈವ ಎಂದು ನಾನು ಊರ ತುಂಬ ಸಾರಿಕೊಂಡು ಬಂದದ್ದೇ ನನ್ನ ದೈವವಾಗಿತ್ತು.

ಒಳಗೆ ಹೋದೆ. ಮೂಗಿನಲ್ಲಿ ನಳಿಗೆ, ಹೊಟ್ಟೆಯ ಪಕ್ಕಕ್ಕೆ ಚೀಲ. ಕಣ್ಣು ತೆರೆದೇ ಇದ್ದವು. ಬಾಗಿಲಲ್ಲಿ ಒಂದು ಗಳಿಗೆ ನಿಂತು ಹತ್ತಿರ ಹೋದೆ. ಏನು ಮಾತಾಡಬೇಕು ಎಂದು ಯೋಚಿಸುವ ಮೊದಲೇ ಬಾಯಿ ತನ್ನ ಕೆಲಸ ಮಾಡಿಬಿಟ್ಟಿತು.

‘ಆರಾಮ?’

ನಾಲಿಗೆ ಕಚ್ಚಿಕೊಂಡೆ. ಅವರು ತುಟಿ ಅಲುಗಿಸಿದರು. ಆ ದಪ್ಪ ದನಿ ಇರಲಿಲ್ಲ, ಆದರೆ ‘ರಾ’ ಎಳೆಯುವುದನ್ನು ಬಿಟ್ಟಿರಲಿಲ್ಲ. ‘ಆರಾಮ್ರಿ. ನೀವು, ಸರ?’

ಈಗ ಹೇಳಬೇಕಾದ ಮಾತು ಇದು. ಅದೇ ವಾರ ನನಗೆ ಕ್ಯಾಮೆರಾ ಆಗಿತ್ತು. ಹೊಲಿಗೆಯ ಜಾಗ ಎಳೆಮಗುವಿನ ಬಾಯಿಯ ಹಾಗೆ ಗುಲಾಬಿಯಾಗಿತ್ತು, ಒಂದು ಹುಣ್ಣಿಲ್ಲ. ನನ್ನೆದುರು ಎಂದೂ ನಗದ ಡಾಕ್ಟರು ನಕ್ಕು ಬೆನ್ನು ತಟ್ಟಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಖರೇ ಆರಾಮ ಇದ್ದೆ. ಆ ಮಂಚದ ಪಕ್ಕದಲ್ಲಿ ನಿಂತು ಅದನ್ನು ಹೇಗೆ ಹೇಳುವುದು?

‘ಎಲ್ಲೀ ಆರಾಮ್ರಿ’ ಎಂದೆ. ‘ಮತ್ತ ಹೊಟ್ಟಿ ಹಿಡದೈತಿ. ಸೂಜಿನೂ ತಾಗವಲ್ದು.’

ಅವರು ಮೆಲ್ಲಗೆ, ನಡುನಡುವೆ ಉಸಿರು ತಗೊಂಡು ಹೇಳಿದರು.

‘ಸುಳ್ಳ ಹೇಳಾಕ ನಿಮಗ ಬರೂದಿಲ್ಲ. ಬಾಗಲದಾಗ ನಿಂತ್ರಿ. ಪಾಯಖಾನಿ ಎಲ್ಲೈತಿ ಅಂತ ಕಣ್ಣ ಹಾಯಸಲಿಲ್ಲ. ಆರಾಮ ಅದೀರಿ ನೀವು.’

ನಾನು ತಲೆ ತಗ್ಗಿಸಿದೆ.

‘ಹೇಳ್ರಿ, ಬಾಯಿ ತುಂಬ ಹೇಳ್ರಿ. ನನಗ ಹೊಟ್ಟಿಕಿಚ್ಚ ಆಗ್ಲಿ. ಇಷ್ಟ ದಿನ ನೀವು ಪಟ್ಟೀರಿ. ಈಗ ನನ್ನ ಪಾಳಿ.’

ಗೊತ್ತಿತ್ತು ಅವರಿಗೆ. ಎಲ್ಲ ಗೊತ್ತಿತ್ತು. ಕಿಟಕಿಯಿಂದ ನನಗೂ ಒಂದು ಮಿರ್ಚಿ ಚಾಚಿ, ನಾನು ಒಲ್ಲೆ ಎಂದಾಗ ಮುಖ ನೋಡಿ ನಗುತ್ತಿದ್ದರಲ್ಲ, ಆಗಿನಿಂದಲೂ ಗೊತ್ತಿತ್ತು. ಕಣ್ಣಲ್ಲಿ ನೀರು ಬಂತು. ‘ಆರಾಮ್ರಿ’ ಎಂದೆ.

‘ಹಂಗಲ್ರಿ’ ಎಂದು ಕಣ್ಣು ಮುಚ್ಚಿದರು. ‘ಅಷ್ಟ ಸಣ್ಣ ದನೀಲೆ ಅಂದ್ರ ಯಾರೂ ನಂಬೂದಿಲ್ಲ.’

ಮರುವಾರ ಅವರು ಹೋದರು. ಪುರ್ತಗೇರಿಗೆ ಕಳೇಬರ ಬಂದ ದಿನ ನಾನೂ ಹೋಗಿದ್ದೆ. ಬಸ್ಸಿನಲ್ಲಿ ಆ ದಿನ ನಿಲ್ಲಲೂ ಜಾಗ ಇರಲಿಲ್ಲ.

ಈಗ ಆ ಕೋಣೆಗೆ ಹೊಸ ಕಂಟ್ರೋಲರ್ ಬಂದಿದ್ದಾರೆ. ಮರ್ಯಾದಸ್ಥರು. ಮೈಕಿಗೆ ಬಡಿಯುವುದಿಲ್ಲ, ನೇರ ಮಾತಾಡುತ್ತಾರೆ, ಎಲ್ಲ ಊರಿಗೂ ಒಂದೇ ದನಿ. ಹಳಬರ ಗೆಳೆಯ, ಅವರದೇ ಬೇನೆಯವನು ಎಂದು ನನ್ನ ಗುರುತು ಯಾರೋ ಹೇಳಿರಬೇಕು. ಮೊನ್ನೆ ಮುಂಜಾನೆ ರೋಣದ ಬಸ್ಸಿಗೆ ಹೊರಟವನನ್ನು ಕಿಟಕಿಯಿಂದ ನೋಡಿ ಕೈಯೆತ್ತಿದರು.

‘ಆರಾಮ ಸರ?’

ನಿಂತೆ. ಹೊಟ್ಟೆ ತಣ್ಣಗಿತ್ತು. ಹಿಂದಿನ ಸಂಜೆ ಅರ್ಧ ರೊಟ್ಟಿ ತಿಂದು ಅರಗಿಸಿಕೊಂಡಿದ್ದೆ. ಇದಕ್ಕಿಂತ ಖರೇ ಉತ್ತರವನ್ನು ಆ ಸ್ಟ್ಯಾಂಡಿನಲ್ಲಿ ಯಾರೂ ಕೊಟ್ಟಿರಲಿಕ್ಕಿಲ್ಲ. ಎದೆಯುಬ್ಬಿಸಿ, ‘ರಾ’ ಎಳೆದು, ಜೋರಾಗಿ ‘ಆರಾಮ್ರಿ’ ಎಂದೆ.

ಅವರು ಪೆನ್ನು ಕೆಳಗಿಟ್ಟು ಗಾಬರಿಯಿಂದ ಎದ್ದು ನಿಂತರು. ‘ಯಾಕ್ರಿ ಸರ, ತ್ರಾಸ ಆಗಾಕತ್ತೈತೇನು? ಬಸ್ ತಡೀಲೇನು?’

ಬ್ಯಾಡ ಎಂದು ಕೈ ಮಾಡಿ ಬಸ್ಸು ಹತ್ತಿದೆ. ಹಳಬರ ಸುಳ್ಳು ‘ಆರಾಮ್ರಿ’ಯನ್ನು ಊರೆಲ್ಲ ನಂಬಿತ್ತು. ರೋಣ ಬರುವವರೆಗೂ ಹೊಟ್ಟೆ ಉರಿಯುತ್ತಿತ್ತು. ಬೇನೆಯದಲ್ಲ.